ಮಕ್ಕಳ ಐತಿಹಾಸಿಕ ಕಾದಂಬರಿಯಲ್ಲಿ ಸತ್ಯದ ಪ್ರಮಾಣ

ಕವಿಯು ಇತಿಹಾಸದಿಂದ ಕಥಾವಸ್ತುವನ್ನು ಎತ್ತಿಕೊಂಡಾಗ ರಸಕ್ಕೆ ಪ್ರತಿಕೂಲವಾದ ಭಾಗವನ್ನು ಬಿಟ್ಟು, ಅನುಕೂಲವಾದುದನ್ನು ಕಲ್ಪಿಸಿ ಸೇರಿಸಬಹುದೆಂದು ಆನಂದವರ್ಧನನು ಧ್ವನ್ಯಾಲೋಕದ ಮೂರನೆಯ ಉದ್ಯೋತದಲ್ಲಿ ಹೇಳಿರುವನು. ಅದಕ್ಕೆ ಆತನು ಕೊಡುವ ಕಾರಣವು ವಿದ್ವಾಂಸರಿಗೆ ತಿಳಿದೇ ಇದೆ. ನಡೆದುದನ್ನು ನಡೆದಂತೆ ಒಪ್ಪಿಸುವುದರಿಂದ ಕವಿಗೆ ಪ್ರಯೋಜನವಿಲ್ಲ. ಆ ಕೆಲಸವು ಇತಿಹಾಸದಿಂದಲೇ ಸಿದ್ಧಿಸುತ್ತದೆ. ಈ ಮಾತಿನಲ್ಲಿ ಅಡಗಿರುವ ಒಂದು ನಿಬಂಧನೆಯನ್ನು ನಾವು ಸಾಮಾನ್ಯವಾಗಿ ಗಮನಿಸುವುದಿಲ್ಲ. ಕಾವ್ಯವನ್ನು ಓದತಕ್ಕ ಸಹೃದಯನು ಇತಿಹಾಸವನ್ನು ಬೇರೆ ಕಡೆಯಲ್ಲಿ ಓದಿಯೋ ಕೇಳಿಯೋ ಇರುವನೆಂದು ಆನಂದವರ್ಧನನು ಭಾವಿಸಿರುವನು. ರಾಮಾಯಣವನ್ನು ಬಲ್ಲವನ ಮುಂದೆ ಕವಿಯು ರಾಮಕಥೆಯನ್ನು ಬದಲಾಯಿಸಿದರೆ ಯಾರಿಗೂ ಮೋಸವಾಗುವುದಿಲ್ಲ. ಆ ಬದಲಾವಣೆಯೇ ಆಸ್ವಾದಕ್ಕೆ ವಿಷಯವಾಗುತ್ತದೆ.

ಆದರೆ ಓದುವವನು ಹತ್ತು ಹನ್ನೊಂದು ವರ್ಷದ ಬಾಲಕನಾಗಿದ್ದರೆ? ಅವನು ಇತಿಹಾಸವನ್ನು ಬೇರೆಲ್ಲಿಯೂ ಓದಿರುವುದಿಲ್ಲ. ಕೈಯಲ್ಲಿರುವ ಕಾದಂಬರಿಯೇ ಅವನಿಗೆ ಆ ಕಾಲದ ಮೊದಲನೆಯ ಪರಿಚಯ. ಅನೇಕ ವೇಳೆ ಅದೇ ಕೊನೆಯದೂ ಆಗುವುದುಂಟು. ಯುದ್ಧ, ಕ್ಷಾಮ, ದಾಸ್ಯ, ಜನಾಂಗದ್ವೇಷ ಮುಂತಾದ ಕಷ್ಟಕಾಲಗಳನ್ನು ವಸ್ತುವಾಗಿ ಹಿಡಿದು ಇಂಥ ಮಕ್ಕಳಿಗಾಗಿ ಬರೆದ ಕಾದಂಬರಿಗಳು ಪಾಶ್ಚಾತ್ಯ ಸಾಹಿತ್ಯದಲ್ಲಿ ಇಂದು ಒಂದು ಪ್ರತ್ಯೇಕ ಶಾಖೆಯೆನ್ನುವಷ್ಟು ಬೆಳೆದಿವೆ. ಅವುಗಳಲ್ಲಿ ಕರ್ತೃವಿಗೆ ಎಷ್ಟು ಸ್ವಾತಂತ್ರ್ಯವುಂಟು, ಮರೆಮಾಡಿದುದಕ್ಕೆ ಅವನು ಎಲ್ಲಿ ಲೆಕ್ಕ ಒಪ್ಪಿಸಬೇಕು ಎಂಬುದು ಈ ಲೇಖನದ ವಿಚಾರ. ಇದನ್ನು ಸಾಮಾನ್ಯವಾಗಿ ಚರ್ಚಿಸುವುದರಿಂದ ಫಲವಿಲ್ಲ. ಆದುದರಿಂದ ಒಂದೇ ಒಂದು ಐತಿಹಾಸಿಕ ಘಟನೆಯನ್ನೂ ಅದನ್ನು ಕುರಿತ ಒಂದು ಕಾದಂಬರಿಯನ್ನೂ ಪಕ್ಕಪಕ್ಕದಲ್ಲಿಟ್ಟು ಪರೀಕ್ಷಿಸಲು ಯತ್ನಿಸುವೆವು.

ಮೊದಲು ಈ ಶಾಖೆಯ ಪೂರ್ವವೃತ್ತಾಂತವನ್ನು ಎರಡು ಮಾತಿನಲ್ಲಿ ಹೇಳಬೇಕು. ಐತಿಹಾಸಿಕ ಕಾದಂಬರಿಯೆಂದೊಡನೆ ನಮ್ಮವರಿಗೆ ಗಳಗನಾಥರೂ ಬಿ. ವೆಂಕಟಾಚಾರ್ಯರೂ ನೆನಪಾಗುವಂತೆ ಆಂಗ್ಲರಿಗೆ 1814ರಲ್ಲಿ 'ವೇವರ್ಲಿ'ಯನ್ನು ಪ್ರಕಟಿಸಿದ ಸರ್ ವಾಲ್ಟರ್ ಸ್ಕಾಟನು ನೆನಪಾಗುವನು. ಸ್ಕಾಟನು ಬರೆದುದು ವಯಸ್ಕರಿಗಾಗಿ. ಆ ಮಾರ್ಗವನ್ನು ಬಾಲಕರಿಗೆಂದೇ ಹಿಡಿದು ಇಂದಿಗೂ ಉಳಿದಿರುವ ಗ್ರಂಥಗಳಲ್ಲಿ ಕ್ಯಾಪ್ಟನ್ ಮ್ಯಾರಿಯಟ್ಟನು 1847ರಲ್ಲಿ ಬರೆದ 'ನ್ಯೂ ಫಾರೆಸ್ಟಿನ ಮಕ್ಕಳು' ಎಂಬುದು ಬಹು ಹಳೆಯದು. ಇಂಗ್ಲೆಂಡಿನ ಅಂತರ್ಯುದ್ಧದಲ್ಲಿ ತಂದೆಯನ್ನೂ ಮನೆಯನ್ನೂ ಕಳೆದುಕೊಂಡ ನಾಲ್ವರು ಮಕ್ಕಳು ಕಾಡಿನಲ್ಲಿ ಬದುಕುವ ಕಥೆ ಅದು. ಅಲ್ಲಿ ರಾಜಪಕ್ಷವೇ ಧರ್ಮಪಕ್ಷವೆಂಬುದರಲ್ಲಿ ಕರ್ತೃವಿಗೆ ಹೆಚ್ಚಿನ ಸಂದೇಹವಿಲ್ಲ. ಆಮೇಲೆ ಬಹುಕಾಲ ಈ ಬಗೆಯ ಪುಸ್ತಕಗಳು ಅರಸರ, ದಂಡನಾಯಕರ ಪಕ್ಕದಲ್ಲಿಯೇ ನಿಂತು ಕಥೆ ಹೇಳಿದುವು. 1934ರಲ್ಲಿ ಜೆಫ್ರಿ ಟ್ರೀಸ್ ಎಂಬಾತನು ರಾಬಿನ್ ಹುಡ್ಡನ ಕಥೆಯನ್ನು ರೈತಮಕ್ಕಳ ಕಣ್ಣಿನಿಂದ ನೋಡಿ ಬರೆದಾಗ ದೃಷ್ಟಿಯು ತಿರುಗಿತು. ಎರಡನೆಯ ಮಹಾಯುದ್ಧವಾದ ಮೇಲೆ ಶಾಲೆಯ ಉಪಾಧ್ಯಾಯನಾಗಿದ್ದ ಇಯನ್ ಸೆರೆಲಿಯರನು 1956ರಲ್ಲಿ 'ಬೆಳ್ಳಿಯ ಕತ್ತಿ'ಯನ್ನು ಪ್ರಕಟಿಸಿದನು. ವಾರ್ಸಾ ನಗರದ ಮಕ್ಕಳು ತಂದೆತಾಯಿಗಳನ್ನು ಹುಡುಕುತ್ತ ಸ್ವಿಟ್ಜರ್ಲೆಂಡಿನವರೆಗೆ ನಡೆಯುವ ಆ ಕಥೆಯು ಬಹಳ ಒಳ್ಳೆಯದು. ಆದರೆ ವಾರ್ಸಾ ನಗರವನ್ನು ಹಿನ್ನೆಲೆಯಾಗಿ ಮಾಡಿಕೊಂಡಿದ್ದರೂ ಅಲ್ಲಿಯ ಯೆಹೂದ್ಯರ ಸಂಹಾರವು ಅದರಲ್ಲಿ ಬಹುಮಟ್ಟಿಗೆ ಕಾಣಿಸುವುದಿಲ್ಲ. ಮಕ್ಕಳಿಗೆ ಇಷ್ಟು ಸಾಕೆಂಬುದು ಆ ಕಾಲದ ಎಣಿಕೆಯಾಗಿತ್ತೆಂದು ತೋರುತ್ತದೆ. ಆ ಎಣಿಕೆಯು ಮುಂದೆ ನಿಲ್ಲಲಿಲ್ಲ.

ಈಗ ನಮ್ಮ ನಿದರ್ಶನಕ್ಕೆ ಬರೋಣ. 1940ನೆಯ ಏಪ್ರಿಲ್ 9ರಂದು ಜರ್ಮನ್ ಸೈನ್ಯವು ಡೆನ್ಮಾರ್ಕನ್ನು ಆಕ್ರಮಿಸಿತು. ಕೆಲವೇ ಗಂಟೆಗಳಲ್ಲಿ ಆ ಸಣ್ಣ ದೇಶವು ಶರಣಾಯಿತು. ಇತರ ಆಕ್ರಾಂತ ದೇಶಗಳಿಗಿಂತ ಭಿನ್ನವಾಗಿ ಇಲ್ಲಿ ಅರಸನಾದ ಹತ್ತನೆಯ ಕ್ರಿಶ್ಚಿಯನ್ ಸಿಂಹಾಸನದಲ್ಲಿಯೇ ಉಳಿದನು. ಮಂತ್ರಿಮಂಡಲವೂ ನ್ಯಾಯಸ್ಥಾನಗಳೂ ನಡೆದುಕೊಂಡು ಹೋದುವು. ದೇಶದಲ್ಲಿದ್ದ ಏಳೆಂಟು ಸಾವಿರ ಯೆಹೂದ್ಯರನ್ನು ಮುಟ್ಟಕೂಡದೆಂಬುದು ಈ ಒಪ್ಪಂದದ ಅಲಿಖಿತವಾದ ಭಾಗವಾಗಿತ್ತು. ಮುಷ್ಕರಗಳೂ ವಿಧ್ವಂಸಕ ಕೃತ್ಯಗಳೂ ಹೆಚ್ಚಿದ ಮೇಲೆ 1943ನೆಯ ಆಗಸ್ಟ್ 29ರಂದು ಜರ್ಮನರು ಸೈನಿಕಾಡಳಿತವನ್ನು ಘೋಷಿಸಿದರು. ಸರಕಾರವು ಕಾರ್ಯಭಾರವನ್ನು ನಿಲ್ಲಿಸಿತು. ಅದೇ ದಿನ ಬೆಳಗಿನ ಜಾವದಲ್ಲಿ ಡೆನ್ಮಾರ್ಕಿನ ನೌಕಾಪಡೆಯು ತನ್ನ ಹಡಗುಗಳು ಶತ್ರುವಿನ ಕೈಸೇರದಂತೆ ಕೋಪನ್‌ಹೇಗನ್ ಬಂದರಿನಲ್ಲಿ ತಾನೇ ಅವುಗಳನ್ನು ಸಿಡಿಸಿ ಮುಳುಗಿಸಿತು. ಈ ಸ್ಫೋಟವನ್ನು ವಾಚಕರು ನೆನಪಿಟ್ಟಿರಬೇಕು. ಕಾದಂಬರಿಯಲ್ಲಿ ಅದಕ್ಕೊಂದು ವಿಚಿತ್ರವಾದ ರೂಪಾಂತರವಾಗುತ್ತದೆ.

ಸೆಪ್ಟೆಂಬರ್ 8ರಂದು ಜರ್ಮನ್ ಪ್ರತಿನಿಧಿಯಾದ ವೆರ್ನರ್ ಬೆಸ್ಟನು ಯೆಹೂದ್ಯರನ್ನು ಹಿಡಿದು ಸಾಗಿಸಲು ಇದೇ ಸಮಯವೆಂದು ಬರ್ಲಿನ್ನಿಗೆ ತಂತಿ ಕಳುಹಿಸಿದನು. ಅದೇ ಕಚೇರಿಯಲ್ಲಿ ಹಡಗು ವ್ಯವಹಾರಗಳನ್ನು ನೋಡಿಕೊಳ್ಳುತ್ತಿದ್ದ ಗೆಯೋರ್ಗ್ ಡಕ್‌ವಿಟ್ಸ್ ಎಂಬ ಜರ್ಮನನು ಸೆಪ್ಟೆಂಬರ್ 28ರಂದು ಈ ಗುಟ್ಟನ್ನು ಸೋಷಿಯಲ್ ಡೆಮೊಕ್ರಾಟ್ ಪಕ್ಷದ ಮುಖಂಡರಿಗೆ ಮುಟ್ಟಿಸಿದನು. ಅವರಲ್ಲೊಬ್ಬನಾದ ಹಾನ್ಸ್ ಹೆಡ್ಟೋಫ್ಟನು ಯೆಹೂದ್ಯ ಸಮಾಜದ ಅಧ್ಯಕ್ಷನ ಮನೆಗೆ ಹೋಗಿ ತಿಳಿಸಿದಾಗ ಆತನು ಮೊದಲು ನಂಬಲೇ ಇಲ್ಲ. ಮರುದಿನ ಬೆಳಗ್ಗೆ ರಬ್ಬಿ ಮಾರ್ಕುಸ್ ಮೆಲ್ಕಿಯೋರನು ಪ್ರಾರ್ಥನೆಗೆ ಬಂದವರನ್ನು ಮನೆಗಳಿಗೆ ಕಳುಹಿಸಿ, ಬಂಧುಗಳಿಗೂ ಸ್ನೇಹಿತರಿಗೂ ಸುದ್ದಿ ಮುಟ್ಟಿಸಿ ಅಡಗಿಕೊಳ್ಳುವಂತೆ ಹೇಳಿದನು. ಅಕ್ಟೋಬರ್ 1ರ ರಾತ್ರಿ, ಯೆಹೂದ್ಯರ ಹೊಸವರ್ಷದ ಹಬ್ಬದ ಸಮಯದಲ್ಲಿ, ಪೋಲೀಸು ಪಡೆಗಳು ಮನೆಮನೆಗೆ ನುಗ್ಗಿದಾಗ ಹೆಚ್ಚಿನ ಮನೆಗಳು ಖಾಲಿಯಾಗಿದ್ದುವು. ಆ ರಾತ್ರಿ ಸಿಕ್ಕಿದವರು ಮುನ್ನೂರಕ್ಕೂ ಕಡಮೆ. ಅವರಲ್ಲಿ ಸಿನಗಾಗ್ ಪಕ್ಕದ ವೃದ್ಧಾಶ್ರಮದಲ್ಲಿದ್ದ, ಓಡಲಾರದ ಮುದುಕರು ಸೇರಿದ್ದರು.

ಮುಂದಿನ ಕೆಲವು ವಾರಗಳಲ್ಲಿ ನಡೆದುದು ಪ್ರಸಿದ್ಧವಾಗಿದೆ. ಸ್ವೀಡನ್ ದೇಶವು ಅಕ್ಟೋಬರ್ 2ರಂದು ಡೆನ್ಮಾರ್ಕಿನ ಯೆಹೂದ್ಯರಿಗೆ ಆಶ್ರಯ ಕೊಡುವುದಾಗಿ ಬಹಿರಂಗವಾಗಿ ಸಾರಿತು. ಮರುದಿನ ಭಾನುವಾರ ಬಿಷಪ್ಪರ ಖಂಡನಪತ್ರವನ್ನು ಇಗರ್ಜಿಗಳಲ್ಲಿ ಓದಲಾಯಿತು. ಕೋಪನ್‌ಹೇಗನ್ನಿನ ಬಿಸ್ಪೆಬ್ಯೆರ್ ಆಸ್ಪತ್ರೆಯಲ್ಲಿ ವೈದ್ಯರೂ ದಾದಿಯರೂ ನೂರಾರು ಮಂದಿಯನ್ನು ಅಡಗಿಸಿದರು. ಶವಸಂಸ್ಕಾರಕ್ಕೆ ಬಂದವರೆಂಬ ನೆವದಿಂದಲೂ ಜನರನ್ನು ಅಲ್ಲಿಗೆ ಕರೆತಂದರು. ಓರೆಸುಂಡ್ ಜಲಸಂಧಿಯು ಅತ್ಯಂತ ಕಿರಿದಾದ ಕಡೆಯಲ್ಲಿ ಸುಮಾರು 4 ಕಿಲೋಮೀಟರು ಅಗಲವಿದೆ; ಬೆಸ್ತರ ದೋಣಿಗಳಲ್ಲಿ ರಾತ್ರಿಯಲ್ಲಿ ಅದನ್ನು ದಾಟಿ ಸುಮಾರು 7,200 ಯೆಹೂದ್ಯರೂ ಅವರೊಡನೆ ಯೆಹೂದ್ಯರಲ್ಲದ ಸುಮಾರು 700 ಬಂಧುಗಳೂ ಸ್ವೀಡನ್ನನ್ನು ಸೇರಿದರು. ಸೆರೆಸಿಕ್ಕಿ ಟೆರೇಸಿಯನ್‌ಸ್ಟಾಟ್ ಶಿಬಿರಕ್ಕೆ ಹೋದವರು ಸುಮಾರು 470. ಅಲ್ಲಿ ತೀರಿಕೊಂಡವರು ಸುಮಾರು 50. ಯೂರೋಪಿನ ಬೇರೆ ದೇಶಗಳ ಲೆಕ್ಕದೊಡನೆ ಹೋಲಿಸಿದರೆ ಈ ಅಂಕಿಗಳು ನಂಬಲಾಗದಷ್ಟು ಶುಭವಾದುವು. ಕಾದಂಬರಿಕಾರರನ್ನು ಈ ಘಟನೆಯು ಆಕರ್ಷಿಸಿದುದಕ್ಕೂ, ಅವರಿಗೆ ಇದು ಸ್ವಲ್ಪ ಅಪಾಯಕರವಾದ ವಸ್ತುವಾದುದಕ್ಕೂ ಇದೇ ಕಾರಣ.

ಅಮೆರಿಕದ ಲೇಖಕಿ ಲೋಯಿಸ್ ಲೌರಿಯು ಈ ವಸ್ತುವನ್ನು ಹಿಡಿದು 1989ರಲ್ಲಿ 'ನಂಬರ್ ದಿ ಸ್ಟಾರ್ಸ್' ಎಂಬ ಸಣ್ಣ ಕಾದಂಬರಿಯನ್ನು ಪ್ರಕಟಿಸಿದಳು. ನಕ್ಷತ್ರಗಳನ್ನು ಎಣಿಸಿ ಹೆಸರಿಡುವ ದೇವರ ಮಾತು ಬರುವ ಒಂದು ಕೀರ್ತನೆಯಿಂದ ಆ ಹೆಸರನ್ನು ತೆಗೆದುಕೊಳ್ಳಲಾಗಿದೆ. ಆಕ್ರಮಣಕಾಲದಲ್ಲಿ ಕೋಪನ್‌ಹೇಗನ್ನಿನಲ್ಲಿ ಬೆಳೆದ ಒಬ್ಬ ಗೆಳತಿಯ ನೆನಪುಗಳಿಂದ ಈ ಕಥೆಯು ಹುಟ್ಟಿತೆಂದು ಲೇಖಕಿಯೇ ಹೇಳಿರುವಳು. ಮುಂದಿನ ವರ್ಷ ಅದಕ್ಕೆ ನ್ಯೂಬೆರಿ ಪದಕವು ದೊರೆಯಿತು. ಅಂದಿನಿಂದ ಆಂಗ್ಲಭಾಷೆಯ ಶಾಲೆಗಳಲ್ಲಿ ಅನೇಕ ಮಕ್ಕಳು ಯೆಹೂದ್ಯರ ಸಂಹಾರದ ವಿಷಯವನ್ನು ಮೊದಲು ಕೇಳುವುದು ಈ ಪುಸ್ತಕದಿಂದ.

ಕಥೆಯ ನಾಯಿಕೆ ಅನ್ನಮರೀ ಯೋಹಾನ್ಸೆನ್, ಹತ್ತು ವರ್ಷದ ಹುಡುಗಿ. ಅದೇ ವಠಾರದಲ್ಲಿರುವ ಎಲೆನ್ ರೋಸೆನ್ ಆಕೆಯ ಜೀವದ ಗೆಳತಿ, ಯೆಹೂದ್ಯಳು. ರಬ್ಬಿಯ ಎಚ್ಚರಿಕೆ ಬಂದ ರಾತ್ರಿ ಎಲೆನ್ ಯೋಹಾನ್ಸೆನ್ನರ ಮನೆಯಲ್ಲಿ ಮಗಳಂತೆ ಮಲಗುತ್ತಾಳೆ. ನಡುರಾತ್ರಿ ಸೈನಿಕರು ನುಗ್ಗಿ, ಹೊಂಗೂದಲಿನ ಈ ಕುಟುಂಬದಲ್ಲಿ ಕಪ್ಪುಗೂದಲಿನ ಹುಡುಗಿ ಹೇಗೆ ಬಂದಳೆಂದು ಕೇಳಿದಾಗ, ತೀರಿಹೋದ ಹಿರಿಯ ಮಗಳು ಲೀಸೆಯ ಶೈಶವದ ಛಾಯಾಚಿತ್ರವನ್ನು ತಂದೆಯು ತೋರಿಸುತ್ತಾನೆ. ಹುಟ್ಟಿದಾಗ ಆ ಮಗುವಿಗೆ ಕಪ್ಪುಗೂದಲಿತ್ತು. ಬಾಗಿಲು ತೆರೆಯುವ ಮೊದಲು ಅನ್ನಮರೀ ಗೆಳತಿಯ ಕೊರಳಿನಿಂದ ಕಿತ್ತುಕೊಂಡ ದಾವೀದನ ನಕ್ಷತ್ರದ ಸರವು ಅವಳ ಮುಷ್ಟಿಯಲ್ಲಿ ಒತ್ತಿ ಅಂಗೈಯಲ್ಲಿ ಗುರುತು ಬೀಳುತ್ತದೆ. ಮರುದಿನ ತಾಯಿಯು ಮಕ್ಕಳನ್ನು ಕರೆದುಕೊಂಡು ಗಿಲ್ಲೆಲಾಯೆ ಎಂಬ ಬಂದರಿಗೆ, ಬೆಸ್ತನಾದ ತನ್ನ ತಮ್ಮ ಹೆನ್ರಿಕನ ಮನೆಗೆ ಹೋಗುತ್ತಾಳೆ. ಅಲ್ಲಿ ಬಿರ್ಟೆ ಎಂಬ ಮುದುಕಿಯ ಶವಪೆಟ್ಟಿಗೆಯನ್ನು ಇಟ್ಟುಕೊಂಡು ಜಾಗರಣೆ ನಡೆಯುತ್ತದೆ. ಅಂಥ ಮುದುಕಿಯೇ ಇರಲಿಲ್ಲ. ಪೆಟ್ಟಿಗೆಯ ತುಂಬ ಓಡಿಹೋಗುವವರಿಗಾಗಿ ಇಟ್ಟ ಬೆಚ್ಚಗಿನ ಬಟ್ಟೆಗಳು. ಕೊನೆಗೆ, ಕೆಳಗೆ ಬಿದ್ದುಹೋದ ಒಂದು ಪೊಟ್ಟಣವನ್ನು ಕಾಡುದಾರಿಯಲ್ಲಿ ಓಡಿ ಮಾವನ ದೋಣಿಗೆ ಮುಟ್ಟಿಸುವ ಕೆಲಸವು ಅನ್ನಮರೀಯ ಪಾಲಿಗೆ ಬರುತ್ತದೆ. ನಾಯಿಗಳೊಡನೆ ಬಂದ ಸೈನಿಕರು ಅವಳ ಬುಟ್ಟಿಯನ್ನು ಕೆದಕಿ ಆ ಪೊಟ್ಟಣವನ್ನು ಹರಿದು ನೋಡಿದರೆ ಅದರಲ್ಲಿ ಒಂದು ಕರವಸ್ತ್ರ ಮಾತ್ರ. ಮೊಲದ ರಕ್ತವನ್ನೂ ಕೊಕೇನನ್ನೂ ಹಚ್ಚಿದ ಆ ವಸ್ತ್ರವು ನಾಯಿಗಳ ಘ್ರಾಣಶಕ್ತಿಯನ್ನು ಕೆಡಿಸತಕ್ಕದ್ದು. ಇದು ಕಟ್ಟುಕತೆಯಲ್ಲ, ದೋಣಿಗಳಲ್ಲಿ ಇಂಥ ಉಪಾಯವನ್ನು ನಿಜವಾಗಿಯೂ ಬಳಸಿದರೆಂಬುದನ್ನು ಲೇಖಕಿಯು ಪುಸ್ತಕದ ಕೊನೆಯ ಟಿಪ್ಪಣಿಯಲ್ಲಿ ತಿಳಿಸಿರುವಳು.

ಕಥಾಸಂವಿಧಾನವು ಇಷ್ಟೇ ಆಗಿದ್ದರೆ ಇದು ಒಂದು ಸೊಗಸಾದ ಸಾಹಸಕಥೆಯೆಂದು ಹೇಳಿ ಮುಗಿಸಬಹುದಾಗಿತ್ತು. ಆದರೆ ಸೂಕ್ಷ್ಮವಾಗಿ ಓದಿದವರಿಗೆ ಇದರ ಒಳಗಿನ ಪ್ರಶ್ನೆಯೇ ಬೇರೆಯೆಂದು ತೋರದಿರದು. ಆ ಪ್ರಶ್ನೆ ಇದು: ಆಪತ್ತಿನಲ್ಲಿ ಮಗುವಿಗೆ ಎಷ್ಟು ನಿಜವನ್ನು ಹೇಳಬೇಕು? ಮೇಲೆ ಹೇಳಿದ ನೌಕಾಸ್ಫೋಟವನ್ನು ನೋಡಿ. ಬಂದರಿನಲ್ಲಿ ಹಡಗುಗಳು ಸಿಡಿದು ಆಕಾಶವು ಬೆಳಗಿದ ಆ ರಾತ್ರಿಯು ಅನ್ನಮರೀಯ ತಂಗಿ ಕಿರ್ಸ್ಟಿಯ ಐದನೆಯ ಹುಟ್ಟುಹಬ್ಬದ ರಾತ್ರಿ. ಹೆದರಿ ಎದ್ದ ಮಗುವಿಗೆ ತಾಯಿಯು, ಇದು ನಿನಗಾಗಿ ಹಾರಿಸಿದ ಬಾಣಬಿರುಸೆಂದು ಹೇಳುತ್ತಾಳೆ. ಮಗು ಅದನ್ನು ನಂಬಿ ಎಲ್ಲರಿಗೂ ಹೇಳಿಕೊಂಡು ತಿರುಗುತ್ತದೆ. ಹತ್ತು ವರ್ಷದ ಅಕ್ಕನಿಗೆ ಸತ್ಯವು ಗೊತ್ತು. ಆದರೆ ಅದೇ ಅಕ್ಕನಿಗೆ ಬಿರ್ಟೆ ಮುದುಕಿಯ ವಿಷಯದಲ್ಲಿ ದೊಡ್ಡವರು ಸುಳ್ಳು ಹೇಳಿರುವರು. ತನ್ನ ಸ್ವಂತ ಅಕ್ಕ ಲೀಸೆಯ ಸಾವಿನ ನಿಜವೂ ಅವಳಿಗೆ ಗೊತ್ತಿಲ್ಲ. ಅವಳು ಮಾವನನ್ನು ಎದುರಿಸಿ ಕೇಳಿದಾಗ ಅವನು ಸುಳ್ಳನ್ನು ಒಪ್ಪಿಕೊಳ್ಳುತ್ತಾನೆ. ಎಲ್ಲವನ್ನೂ ತಿಳಿಯದಿದ್ದರೆ ಧೈರ್ಯವಾಗಿರುವುದು ಸುಲಭವೆಂಬ ಅಭಿಪ್ರಾಯವನ್ನು ಹೇಳಿ, ತನಗೂ ಎಲ್ಲವೂ ತಿಳಿಯದೆಂದು ಸೇರಿಸುತ್ತಾನೆ. ಅಧಿಕಾರಿಯು ಪೆಟ್ಟಿಗೆಯನ್ನು ತೆರೆಯಿರೆಂದು ಗದರಿಸಿದಾಗ ತಾಯಿಯು, ಮುದುಕಿ ಸತ್ತದ್ದು ಟೈಫಸ್ ಜ್ವರದಿಂದ, ತೆರೆಯುವುದು ಅಪಾಯವೆಂದು ವೈದ್ಯರು ಹೇಳಿದ್ದಾರೆಂದು ಥಟ್ಟನೆ ಉತ್ತರ ಕೊಡುವಳು. ದ್ರೋಣನ ಎದುರಿಗೆ ಧರ್ಮರಾಯನ ನಾಲಗೆಯಾದರೂ ಸ್ವಲ್ಪ ತಡವರಿಸಿತು. ಈ ತಾಯಿಯದು ತಡವರಿಸುವುದಿಲ್ಲ, ತಡವರಿಸಿದ್ದರೆ ಎಲ್ಲರೂ ಸಾಯುತ್ತಿದ್ದರು.

ಹೀಗೆ ಐದು ವರ್ಷದ ಮಗುವಿಗೆ ಬಾಣಬಿರುಸು, ಹತ್ತು ವರ್ಷದವಳಿಗೆ ಅರ್ಧಸತ್ಯ, ಅರ್ಧಸತ್ಯವೆಂದು ಅವಳು ಕಂಡುಹಿಡಿದ ಮೇಲೆ ಇನ್ನಷ್ಟು ಸತ್ಯ, ಯುದ್ಧವು ಮುಗಿದ ಮೇಲೆ ಉಳಿದುದು. ಕಥೆಯು ತನ್ನ ಪಾತ್ರಗಳಿಗೆ ನಿಜವನ್ನು ಅಳೆದು ಕೊಡುವ ಕ್ರಮವಿದು. 1945ರ ಮೇ ತಿಂಗಳಲ್ಲಿ ಗಂಟೆಗಳು ಮೊಳಗಿದಾಗ ಲೀಸೆಯು ಗುಪ್ತಸಂಘದಲ್ಲಿದ್ದಳೆಂಬುದೂ ಜರ್ಮನರು ಬೇಕೆಂದೇ ಮೋಟಾರು ಹರಿಸಿ ಅವಳನ್ನು ಕೊಂದರೆಂಬುದೂ ಅನ್ನಮರೀಗೆ ತಿಳಿಯುತ್ತವೆ. ಲೀಸೆಯನ್ನು ಮದುವೆಯಾಗಬೇಕಾಗಿದ್ದ ಪೇಟರನನ್ನು ರ್ಯುವಾಂಗನ್ ಎಂಬಲ್ಲಿ ಗುಂಡಿಕ್ಕಿ ಕೊಂದುದೂ ಆಗಲೇ ಹೊರಬೀಳುತ್ತದೆ. ಈ ಪೇಟರನ ಹಿಂದೆ ಒಬ್ಬ ನಿಜವಾದ ಯುವಕನಿರುವನು. ಕಿಮ್ ಮಾಲ್ತೆ-ಬ್ರೂನ್ ಎಂಬ ಇಪ್ಪತ್ತೊಂದು ವರ್ಷದ ನಾವಿಕನನ್ನು 1945ನೆಯ ಏಪ್ರಿಲ್ 6ರಂದು, ಬಿಡುಗಡೆಗೆ ಒಂದು ತಿಂಗಳು ಇರುವಾಗ, ಅದೇ ರ್ಯುವಾಂಗನ್ನಿನಲ್ಲಿ ಕೊಂದರು. ಆತನು ಸಾಯುವ ಮುನ್ನ ತಾಯಿಗೆ ಬರೆದ ಕಾಗದವೂ ಆತನ ಭಾವಚಿತ್ರವೂ ತನ್ನನ್ನು ಬರೆಯುವಂತೆ ಮಾಡಿದುವೆಂದು ಲೌರಿಯು ಟಿಪ್ಪಣಿಯಲ್ಲಿ ಹೇಳಿರುವಳು.

ಆ ಟಿಪ್ಪಣಿಯು ನಮ್ಮ ವಿಚಾರಕ್ಕೆ ಮುಖ್ಯವಾದುದು. ಮಕ್ಕಳ ಐತಿಹಾಸಿಕ ಕಾದಂಬರಿಗಳ ಕೊನೆಯಲ್ಲಿ ಯಾವುದು ನಡೆದುದು, ಯಾವುದು ಕಲ್ಪಿತವೆಂಬುದನ್ನು ಕರ್ತೃವು ವಿಂಗಡಿಸಿ ಹೇಳುವ ಪದ್ಧತಿಯು ಈಚೆಗೆ ರೂಢವಾಗಿದೆ. ಕೆಲವರು ಇದನ್ನು ಶಾಲೆಗಳ ಒತ್ತಾಯಕ್ಕೆ ಸಲ್ಲಿಸಿದ ಕಾಣಿಕೆಯೆಂದು ಹಗುರವಾಗಿ ನೋಡುವುದುಂಟು. ನಮ್ಮ ಅಭಿಪ್ರಾಯದಲ್ಲಿ ಆನಂದವರ್ಧನನು ಇತಿಹಾಸಕ್ಕೆ ಬಿಟ್ಟ ಕೆಲಸವನ್ನು ಈ ಪರಿಶಿಷ್ಟವು ವಹಿಸಿಕೊಳ್ಳುತ್ತದೆ. ಕಥೆಯಲ್ಲಿ ಜರ್ಮನ್ ಸೈನಿಕರೆಲ್ಲರೂ ಬೂಟುಗಾಲಿನ ಸದ್ದು ಮಾತ್ರ. ಗುಟ್ಟನ್ನು ಹೊರಗೆಡಹಿದವನು ಜರ್ಮನನೆಂಬ ಸಂಗತಿಯು ಕಥೆಯಲ್ಲಿಲ್ಲ, ಡಕ್‌ವಿಟ್ಸನ ಹೆಸರು ಟಿಪ್ಪಣಿಯಲ್ಲಿ ಬರುತ್ತದೆ. ಹತ್ತು ವರ್ಷದ ಹುಡುಗಿಯ ಕಣ್ಣಿಗೆ ಕಾಣಲಾರದುದನ್ನು ಕಥೆಯಲ್ಲಿ ತುರುಕದೆ, ಓದುವವನಿಗೆ ಅದನ್ನು ವಂಚಿಸದೆ ಇರುವ ಈ ವ್ಯವಸ್ಥೆಯಲ್ಲಿ ಔಚಿತ್ಯವುಂಟು.

ಅರಸನ ವಿಷಯದಲ್ಲಿಯೂ ಆಕೆಯ ಎಚ್ಚರಿಕೆಯು ಮೆಚ್ಚತಕ್ಕದ್ದು. ಹತ್ತನೆಯ ಕ್ರಿಶ್ಚಿಯನ್ ಅರಸನು ಯೆಹೂದ್ಯರ ಹಳದಿ ನಕ್ಷತ್ರವನ್ನು ತಾನೇ ಧರಿಸಿದನೆಂಬ ಐತಿಹ್ಯವು ಲೋಕದಲ್ಲೆಲ್ಲ ಹಬ್ಬಿದೆ. 1958ರಲ್ಲಿ ಪ್ರಕಟವಾದ ಲಿಯಾನ್ ಯೂರಿಸನ 'ಎಕ್ಸೋಡಸ್' ಕಾದಂಬರಿಯು ಅದನ್ನು ಇನ್ನಷ್ಟು ಹರಡಿತು. ನಿಜವೇನೆಂದರೆ, ಡೆನ್ಮಾರ್ಕಿನಲ್ಲಿ ಯೆಹೂದ್ಯರು ಹಳದಿ ನಕ್ಷತ್ರವನ್ನು ಧರಿಸಬೇಕೆಂಬ ಆಜ್ಞೆಯೇ ಎಂದೂ ಹೊರಡಲಿಲ್ಲ. ಹೀಗಿರುವುದರಿಂದ ಅರಸನು ಅದನ್ನು ಧರಿಸುವ ಪ್ರಸಂಗವೂ ಬರಲಿಲ್ಲ. ಲೌರಿಯು ಈ ಆಕರ್ಷಕವಾದ ಸುಳ್ಳನ್ನು ಮುಟ್ಟದೆ, ಅರಸನು ಅಂಗರಕ್ಷಕರಿಲ್ಲದೆ ಕುದುರೆಯೇರಿ ನಗರದಲ್ಲಿ ಸಂಚರಿಸುತ್ತಿದ್ದನೆಂಬ ನಿಜವಾದ ಸಂಗತಿಯನ್ನೇ ಅವಲಂಬಿಸಿರುವಳು. 1942ರ ಅಕ್ಟೋಬರಿನಲ್ಲಿ ಅರಸನು ಕುದುರೆಯಿಂದ ಬಿದ್ದು ಗಾಯಗೊಂಡ ಮೇಲೆ ಆ ಸಂಚಾರವು ನಿಂತುಹೋಯಿತು. ಪುಸ್ತಕದಲ್ಲಿಯೂ ಅದು ಹುಡುಗಿಯ ಹಿಂದಿನ ನೆನಪಾಗಿಯೇ ಬರುತ್ತದೆ.

ಇಷ್ಟು ಹೊಗಳಿದ ಮೇಲೆ ಆಕ್ಷೇಪಣೆಯನ್ನೂ ಹೇಳಬೇಕು. ಕಥೆಗೆ ರಂಗಸ್ಥಳವಾದ ಗಿಲ್ಲೆಲಾಯೆಯಿಂದ ಸಾವಿರಕ್ಕೂ ಮಿಕ್ಕ ಜನರು ಪಾರಾದುದು ನಿಜ. ಆದರೆ ಅದೇ ಊರಿನಲ್ಲಿ ಅಕ್ಟೋಬರ್ 6ರ ರಾತ್ರಿ ನಡೆದ ಇನ್ನೊಂದು ಸಂಗತಿಯುಂಟು. ದೋಣಿಗಾಗಿ ಕಾಯುತ್ತಿದ್ದ ಸುಮಾರು 80 ಮಂದಿ ಯೆಹೂದ್ಯರನ್ನು ಊರವರು ಇಗರ್ಜಿಯ ಅಟ್ಟದ ಮೇಲೆ ಅಡಗಿಸಿಟ್ಟಿದ್ದರು. ಯಾರೋ ದ್ರೋಹಿಗಳು ಸುಳಿವು ಕೊಟ್ಟರು. ಹೆಲ್ಸಿಂಗೋರಿನ ಗೆಸ್ಟಾಪೋ ಮುಖ್ಯಸ್ಥನಾಗಿದ್ದ ಹಾನ್ಸ್ ಯೂಲನು ಪಡೆಯೊಡನೆ ಬಂದು ಇಗರ್ಜಿಯನ್ನು ಸುತ್ತುಗಟ್ಟಿ, ಹೆಚ್ಚುಕಡಮೆ ಎಲ್ಲರನ್ನೂ ಹಿಡಿದೊಯ್ದನು. ಟೆರೇಸಿಯನ್‌ಸ್ಟಾಟಿಗೆ ಹೋದ 470 ಮಂದಿಯಲ್ಲಿ ಇವರೂ ಸೇರಿದವರು. ಇಡೀ ದೇಶದಲ್ಲಿ ಅಡಗಿದ್ದವರು ಗುಂಪಾಗಿ ಸೆರೆಸಿಕ್ಕಿದ ಪ್ರಸಂಗಗಳಲ್ಲಿ ಇದೇ ಅತ್ಯಂತ ದೊಡ್ಡದು. ಕಾದಂಬರಿಯ ಹೆನ್ರಿಕ್ ಮಾವನ ಮನೆಯಿಂದ ಆ ಇಗರ್ಜಿಯು ದೂರವಿರಲಾರದು. ಆದರೂ ಕಥೆಯಲ್ಲಿ ಅದರ ನೆರಳೂ ಬಿದ್ದಿಲ್ಲ.

ದುಡ್ಡಿನ ವಿಷಯವೂ ಹೀಗೆಯೇ. ಬೆಸ್ತರು ಧರ್ಮಾರ್ಥವಾಗಿ ದೋಣಿ ಕಟ್ಟಿದರೆಂಬ ಭಾವನೆಯು ಪುಸ್ತಕದಿಂದ ಹುಟ್ಟುತ್ತದೆ. ಹಾಗೆ ಮಾಡಿದವರೂ ಇದ್ದರು. ಆದರೆ ತಲೆಗೆ ಸುಮಾರು ಸಾವಿರ ಕ್ರೋನರ್ ಪಡೆದುದು ಸಾಮಾನ್ಯವಾಗಿತ್ತು. ಮೊದಲ ದಿನಗಳಲ್ಲಿ ಅದಕ್ಕಿಂತ ಬಹಳ ಹೆಚ್ಚಾಗಿ ಕಿತ್ತುಕೊಂಡವರೂ ಇದ್ದರು. ಇಲ್ಲದವರಿಗಾಗಿ ಚಂದಾ ಎತ್ತಿದರು, ಸಾಲ ಮಾಡಿದರು. ಬೆಸ್ತರ ಪಕ್ಷದಲ್ಲಿಯೂ ಹೇಳುವುದಕ್ಕೆ ನ್ಯಾಯವುಂಟು. ಸಿಕ್ಕಿಬಿದ್ದರೆ ದೋಣಿ ಹೋಗುತ್ತದೆ, ಸಂಸಾರವು ಬೀದಿಗೆ ಬೀಳುತ್ತದೆ. ಶತ್ರುವು ಏನು ಶಿಕ್ಷೆ ಕೊಡುವನೆಂಬುದು ಆಗ ಯಾರಿಗೂ ತಿಳಿದಿರಲಿಲ್ಲ. ದುಡ್ಡು ತೆಗೆದುಕೊಂಡ ಮಾತ್ರಕ್ಕೆ ಅವರ ಧೈರ್ಯವು ಸುಳ್ಳಾಗುವುದಿಲ್ಲ. ಹನ್ನೊಂದು ವರ್ಷದ ಓದುಗನಿಗೆ ಈ ಮಿಶ್ರಸತ್ಯವು ಅರ್ಥವಾಗದೆಂದು ನಾವು ಒಪ್ಪುವುದಿಲ್ಲ. ಅಂಗಡಿಗೆ ಹೋಗಿ ಸಾಮಾನು ತರುವ ಮಗುವಿಗೆ ಬೆಲೆಯೆಂದರೇನೆಂಬುದು ಚೆನ್ನಾಗಿ ಗೊತ್ತು. ಇಗರ್ಜಿಯ ಅಟ್ಟದ ಸಂಗತಿಯನ್ನು ಕಥೆಯಲ್ಲಿ ತಂದಿದ್ದರೆ ರಸಭಂಗವಾಗುತ್ತಿತ್ತೆಂಬ ವಾದವನ್ನು ಒಪ್ಪಬಹುದು. ಟಿಪ್ಪಣಿಯಲ್ಲಿ ಬಿಟ್ಟುದಕ್ಕೆ ಆ ವಾದವು ಸಲ್ಲುವುದಿಲ್ಲ.

ಬಿಡುವುದು ಬೇರೆ, ಕೆಡಿಸುವುದು ಬೇರೆ. ಲೌರಿಯ ದೋಷವು ಮೊದಲನೆಯದು. ಎರಡನೆಯದಕ್ಕೆ ಎರಡು ಉದಾಹರಣೆಗಳನ್ನು ಸಂಕ್ಷೇಪವಾಗಿ ಕೊಡಬಹುದು. ಐರ್ಲೆಂಡಿನ ಜಾನ್ ಬಾಯ್ನನು 2006ರಲ್ಲಿ ಪ್ರಕಟಿಸಿದ 'ದಿ ಬಾಯ್ ಇನ್ ದಿ ಸ್ಟ್ರೈಪ್ಡ್ ಪೈಜಾಮಾಸ್' ಎಂಬ ಕಥೆಯಲ್ಲಿ ಮರಣಶಿಬಿರದ ಅಧಿಕಾರಿಯ ಒಂಬತ್ತು ವರ್ಷದ ಮಗನು ಬೇಲಿಯ ಆಚೆ ಕುಳಿತ ಯೆಹೂದ್ಯ ಹುಡುಗನೊಡನೆ ತಿಂಗಳುಗಟ್ಟಲೆ ಸ್ನೇಹ ಬೆಳೆಸುತ್ತಾನೆ. ಔಷ್‌ವಿಟ್ಸಿಗೆ ಬಂದ ಆ ವಯಸ್ಸಿನ ಯೆಹೂದ್ಯ ಮಕ್ಕಳಲ್ಲಿ ಬಹುಪಾಲನ್ನು ಬಂದ ದಿನವೇ ಕೊಲ್ಲುತ್ತಿದ್ದರು. ಬೇಲಿಯ ಬಳಿ ಕಾವಲಿಲ್ಲದೆ ಕುಳಿತು ಮಾತಾಡುವ ಸಂಭವವೇ ಇರಲಿಲ್ಲ. ಕರ್ತೃವು ಇದನ್ನು ನೀತಿಕಥೆಯೆಂದು ಕರೆದಿರುವನು. ಆದರೆ ಓದಿದ ಮಕ್ಕಳು ನೀತಿಕಥೆಯೆಂದು ತಿಳಿಯಲಿಲ್ಲ. ಸಂಹಾರದ ಚರಿತ್ರೆಯನ್ನು ಓದುವವರೂ ಕಲಿಸುವವರೂ ಈ ಪುಸ್ತಕವನ್ನು ಬಳಸಬಾರದೆಂದು ಔಷ್‌ವಿಟ್ಸ್ ಸ್ಮಾರಕದವರು 2020ರ ಜನವರಿಯಲ್ಲಿ ಬಹಿರಂಗವಾಗಿ ಹೇಳಬೇಕಾಯಿತು. ಓದುಗನ ಮರುಕವು ಕೊನೆಗೆ ಅಧಿಕಾರಿಯ ಮಗನ ಕಡೆಗೇ ಹೆಚ್ಚಾಗಿ ಹರಿಯುವಂತೆ ಕಥೆಯನ್ನು ಕಟ್ಟಿರುವುದು ನಮಗೆ ಇನ್ನೂ ದೊಡ್ಡ ದೋಷವಾಗಿ ಕಾಣುತ್ತದೆ.

ಎರಡನೆಯದು ಅಮೆರಿಕದ ಆನ್ ರಿನಾಲ್ಡಿಯು 1999ರಲ್ಲಿ ಬರೆದ, ಸೂ ಜನಾಂಗದ ಬಾಲಿಕೆಯ ದಿನಚರಿಯ ರೂಪದಲ್ಲಿರುವ ಕಾದಂಬರಿ. ಪೆನ್ಸಿಲ್ವೇನಿಯ ಪ್ರಾಂತದ ಕಾರ್ಲೈಲ್ ಎಂಬಲ್ಲಿ 1879ರಿಂದ 1918ರವರೆಗೆ ನಡೆದ ವಸತಿಶಾಲೆಯಲ್ಲಿ ಅಲ್ಲಿಯ ಮೂಲನಿವಾಸಿಗಳ ಮಕ್ಕಳನ್ನು ತಂದಿಟ್ಟು, ಕೂದಲು ಕತ್ತರಿಸಿ, ಮಾತೃಭಾಷೆಯನ್ನು ನಿಷೇಧಿಸಿ ಕಲಿಸುತ್ತಿದ್ದರು. ಶಾಲೆಯ ಸ್ಮಶಾನದಲ್ಲಿ ಸುಮಾರು 180 ಮಕ್ಕಳ ಸಮಾಧಿಗಳಿದ್ದುವು. ಲೇಖಕಿಯು ಆ ಸಮಾಧಿಗಲ್ಲುಗಳ ಮೇಲಿನ ಹೆಸರುಗಳನ್ನು ತನ್ನ ಪಾತ್ರಗಳಿಗೆ ಇಟ್ಟಿರುವುದಾಗಿ ಟಿಪ್ಪಣಿಯಲ್ಲಿ ತಾನೇ ಹೇಳಿದಳು. ಆಕೆಯ ನಾಯಿಕೆಯಾದರೋ ಕೊನೆಗೆ ಆ ಶಾಲೆಯಲ್ಲಿ ಹೊಂದಿಕೊಂಡು ಸುಖವಾಗಿರುವಳು. ಮೂಲನಿವಾಸಿ ವಿದ್ವಾಂಸೆಯರು ಇದನ್ನು ತೀವ್ರವಾಗಿ ಖಂಡಿಸಿದುದರಲ್ಲಿ ಆಶ್ಚರ್ಯವಿಲ್ಲ. ಮನೆಗೆ ಮರಳದೆ ಸತ್ತ ಮಗುವಿನ ಹೆಸರನ್ನು ಎತ್ತಿಕೊಂಡು ಅದಕ್ಕೆ ಸಂತೋಷದ ಬಾಳನ್ನು ಕಲ್ಪಿಸುವುದು ಕವಿಸ್ವಾತಂತ್ರ್ಯವಲ್ಲ. ಟಿಪ್ಪಣಿಯು ಇದ್ದ ಮಾತ್ರಕ್ಕೆ ಕರ್ತೃವು ಋಣಮುಕ್ತನಾಗುವುದಿಲ್ಲವೆಂಬುದಕ್ಕೂ ಇದು ನಿದರ್ಶನವಾಗಿದೆ.

ಸಾಹಿತ್ಯವನ್ನು ಪಾಠ ಹೇಳತಕ್ಕವರಿಗೆ ಇಲ್ಲಿ ಒಂದು ಸೂಚನೆಯುಂಟು. ಇಂಥ ಪುಸ್ತಕವನ್ನು ತರಗತಿಯಲ್ಲಿ ಇಟ್ಟಾಗ ಕಥೆಯನ್ನು ಮುಗಿಸಿ ಟಿಪ್ಪಣಿಯನ್ನು ಬಿಟ್ಟುಬಿಡುವುದು ವಾಡಿಕೆ. ಪರೀಕ್ಷೆಯಲ್ಲಿ ಅದರ ಮೇಲೆ ಪ್ರಶ್ನೆ ಬರುವುದಿಲ್ಲವಷ್ಟೆ. ಲೌರಿಯ ಪುಸ್ತಕದ ಮಟ್ಟಿಗಾದರೂ ಟಿಪ್ಪಣಿಯನ್ನೋದಿ, ಅದರ ಪಕ್ಕದಲ್ಲಿ ಗಿಲ್ಲೆಲಾಯೆಯ ಇಗರ್ಜಿಯ ಸಂಗತಿಯನ್ನು ಹೇಳಿ, ಇದನ್ನೇಕೆ ಕಥೆಯಲ್ಲಿ ಬಿಟ್ಟಿರಬಹುದೆಂದು ಮಕ್ಕಳನ್ನೇ ಕೇಳುವುದು ಮೇಲು. ಬಾಣಬಿರುಸಿನ ಪ್ರಸಂಗವನ್ನು ಓದಿದ ಮಗುವಿಗೆ ಆ ಪ್ರಶ್ನೆಯ ಸ್ವರೂಪವು ಆಗಲೇ ತಿಳಿದಿರುತ್ತದೆ.

ಕಾದಂಬರಿಯ ಕೊನೆಯಲ್ಲಿ ರೋಸೆನ್ನರ ಖಾಲಿ ಮನೆಯನ್ನು ಅನ್ನಮರೀಯ ತಾಯಿಯು ಎರಡು ವರ್ಷ ಗುಡಿಸಿ, ಗಿಡಗಳಿಗೆ ನೀರೆರೆದು, ದೀಪದ ಕಂಬಗಳನ್ನು ಬೆಳಗಿ ಕಾಯ್ದಿರಿಸಿದಳೆಂಬ ಮಾತು ಬರುತ್ತದೆ. ಇದಕ್ಕೆ ಆಧಾರವಿದೆ, ಕೋಪನ್‌ಹೇಗನ್ ನಗರಸಭೆಯ ಸಮಾಜಸೇವಾ ವಿಭಾಗವೂ ಅನೇಕ ನೆರೆಹೊರೆಯವರೂ ಹೀಗೆ ಮನೆಗಳನ್ನು ನೋಡಿಕೊಂಡರು. ಮರಳಿ ಬಂದು ಮನೆಯನ್ನೂ ಸಾಮಾನನ್ನೂ ಕಾಣದವರೂ ಇದ್ದರು. ಇತಿಹಾಸಜ್ಞೆ ಸೋಫೀ ಲೆನೆ ಬಾಕ್ ಈಚಿನ ವರ್ಷಗಳಲ್ಲಿ ನಡೆಸಿದ ಸಂಶೋಧನೆಯಿಂದ ಇನ್ನೊಂದು ಸಂಗತಿಯೂ ಬೆಳಕಿಗೆ ಬಂದಿದೆ. ದೋಣಿಯಲ್ಲಿ ಮಗುವು ಅತ್ತರೆ ಎಲ್ಲರಿಗೂ ಅಪಾಯವೆಂದೋ, ಸಮುದ್ರದಲ್ಲಿ ಏನಾಗುವುದೋ ಎಂದೋ ಹೆದರಿ, ನೂರಕ್ಕೂ ಮಿಕ್ಕ ಮಕ್ಕಳನ್ನು ತಂದೆತಾಯಿಗಳು ಡೆನ್ಮಾರ್ಕಿನಲ್ಲಿಯೇ ಅನ್ಯರ ಮನೆಗಳಲ್ಲಿ ಬಿಟ್ಟು ಸ್ವೀಡನ್ನಿಗೆ ಹೋದರು. ಆ ಮಕ್ಕಳಲ್ಲಿ ಬಹುಪಾಲು ಎಳೆಯ ಕೂಸುಗಳು. 1945ರಲ್ಲಿ ಹೆತ್ತವರು ಕರೆದೊಯ್ಯಲು ಬಂದಾಗ, ಸಾಕಿದವರನ್ನೇ ತಾಯಿತಂದೆಗಳೆಂದು ತಿಳಿದಿದ್ದ ಆ ಮಕ್ಕಳಿಗೆ ಬಂದವರು ಯಾರೆಂಬುದೇ ತಿಳಿಯಲಿಲ್ಲ. ಬಹುಕಾಲದವರೆಗೆ ಈ ಕುಟುಂಬಗಳಲ್ಲಿ ಆ ವಿಷಯವನ್ನು ಯಾರೂ ಎತ್ತಲಿಲ್ಲ. ಬೆಳೆದು ದೊಡ್ಡವರಾದ ಮೇಲೆ, ಹೆಚ್ಚಾಗಿ ಮುಪ್ಪಿನಲ್ಲಿ, ಆ ಮಕ್ಕಳೇ ಅದನ್ನು ಕೇಳಿ ತಿಳಿದುಕೊಂಡರು.